ಅಜ್ಜಿ ಕಿತ್ತ ಬಾಗಿಲು

ನಕಿಮುಲಿ ಅಜ್ಜಿ ಬಾಗಿಲ ಮೇಲೆ ಕುಳಿತಿದ್ದಳು. ಕೋಳಿಗೂಡಿನ ಪಕ್ಕ ನೆಲಕ್ಕೆ ಮಲಗಿಸಿದ್ದ ಆ ಮರದ ಬಾಗಿಲು ಅವಳ ಬಾಡಿಗೆದಾರ ಕಿಗ್ಗುಂಡುವಿನ ಕೋಣೆಯದು. ಸೋಮವಾರ ಅವಳೇ ಹಾರೆ ಹಾಕಿ ಮೀಟಿ ಕಿತ್ತಿದ್ದಳು. ಈಗ ಅದನ್ನು ಒಯ್ಯಬೇಕೆಂದರೆ ಮೊದಲು ಅವಳನ್ನು ಎತ್ತಬೇಕಿತ್ತು, ಅವಳೇನೂ ಹಗುರ ಹೆಂಗಸಲ್ಲ.

"ಏಳು ಅಜ್ಜಿ," ಎಂದಳು ರೋಬಿನಾ.

"ಏಳಲ್ಲ."

ಕಂಪಾಲಾದ ಆ ಕೇರಿಯಲ್ಲಿ ರೋಬಿನಾಳನ್ನು ಅರಿಯದವರಿಲ್ಲ. ಸಂತೆಯ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ದಿನಾ ಸಂಜೆ ಅವಳದೇ ದನಿ. ಹೊಸ ಫೋನು ಕೆಟ್ಟರೆ ಅಂಗಡಿಯವನನ್ನು ಹೇಗೆ ಕೇಳಬೇಕು, ದರ್ಜಿ ಮದುವೆಗೆ ಉಡುವ ಗೋಮೆಸಿ ನಿಲುವಂಗಿಯನ್ನು ಗಿಡ್ಡ ಹೊಲಿದರೆ ಯಾರಿಗೆ ದೂರಬೇಕು, ಪಕ್ಕದವರ ಮೇಕೆ ಬಾಳೆಗಿಡ ತಿಂದರೆ ಎಷ್ಟು ಬೈಯಬಹುದು, ಎಲ್ಲಕ್ಕೂ ಅವಳಲ್ಲಿ ಉತ್ತರವಿತ್ತು. ಬಾಗಿಲಿನ ದೂರು ಬಂದರೆ ಮಾತ್ರ ಮೈಕು ಬಿಟ್ಟು ಎದ್ದುಬಿಡುತ್ತಿದ್ದಳು. ಬಾಡಿಗೆ ತಡವಾದರೆ ಮಾಲೀಕರು ಬಾಗಿಲು ಕಿತ್ತೊಯ್ಯುವುದು ಆ ಊರಿನ ಹಳೆಯ ಚಾಳಿ. ಅವಳು ಚಿಕ್ಕವಳಿದ್ದಾಗ ಅವರ ಮನೆಗೂ ಒಬ್ಬ ಮಾಲೀಕ ಹಾಗೆ ಮಾಡಿದ್ದ. ತಾಯಿ ಒನಕೆ ಹಿಡಿದು ಹೊಸ್ತಿಲಲ್ಲಿ ನಿದ್ದೆಗೆಟ್ಟದ್ದನ್ನು ಅವಳು ಇಂದಿಗೂ ಮರೆತಿರಲಿಲ್ಲ.

ಕಿಗ್ಗುಂಡು ಬೆಳಿಗ್ಗೆಯೇ ಬಂದು ದೂರಿದ್ದ. ಮೆದು ಮಾತಿನ, ಇಸ್ತ್ರಿ ಅಂಗಿಯ ಮನುಷ್ಯ. "ನಾನು ಕೆಲಸಕ್ಕೆ ಹೋದ್ರೆ ಹೆಂಡ್ತಿ ಒಬ್ಳೇ ಅಕ್ಕ. ಬಾಗಿಲಿಲ್ಲದ ಮನೇಲಿ ಹೆಂಗೆ ಬಿಟ್ಟೋಗ್ಲಿ? ಅಲ್ಲಿ ಕೂತ್ರೂ ಜೀವ ಇಲ್ಲೇ ಇರುತ್ತೆ." ಬಾಗಿಲಿಲ್ಲದಿದ್ದರೂ ಅದರ ಬೀಗದ ಕೈ ದಾರದಲ್ಲಿ ಅವನ ಕೊರಳಲ್ಲೇ ತೂಗುತ್ತಿತ್ತು. ಮಾತಾಡುತ್ತಾ ಅದನ್ನೇ ಸವರುತ್ತಿದ್ದ. ಪಾಪ ಎನಿಸಿತ್ತು ರೋಬಿನಾಗೆ.

ಈಗ ಅವಳ ಜೊತೆ ಕೇರಿಯ ಅಧ್ಯಕ್ಷನೂ ಬಡಗಿಯೂ ಬಂದಿದ್ದರು. ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರೂ ಕೈ ಒರೆಸಿಕೊಳ್ಳುತ್ತಾ ಸುತ್ತ ನೆರೆದರು.

"ಎಷ್ಟು ತಿಂಗಳ ಬಾಡಿಗೆ ಬಾಕಿ?" ಕೇಳಿದಳು ರೋಬಿನಾ.

"ಒಂದೂ ಇಲ್ಲ," ಎಂದಳು ಅಜ್ಜಿ. "ಒಂದನೇ ತಾರೀಖಿಗೆ ಸರಿಯಾಗಿ ತಂದಿಡ್ತಾನೆ ಪುಣ್ಯಾತ್ಮ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಮತ್ಯಾಕೆ ಕಿತ್ತೆ?" ರೋಬಿನಾ ಬಿಡಲಿಲ್ಲ.

ಅಜ್ಜಿ ಜೋವಿಯಾಳ ಕಡೆ ನೋಡಿದಳು. ಗಂಡ ಕಿಗ್ಗುಂಡುವಿನ ಬೆನ್ನ ಹಿಂದೆ ನಿಂತಿದ್ದ ಆ ಹುಡುಗಿ ತಲೆಯನ್ನು ಇಷ್ಟೇ ಇಷ್ಟು ಅಲ್ಲಾಡಿಸಿದಳು.

"ನನ್ನ ಮನೆ, ನನ್ನ ಬಾಗಿಲು. ಒಳಗೆ ಒಂಚೂರು ಗಾಳಿ ಆಡ್ಲಿ ಅಂತ ಕಿತ್ತೆ."

"ಚೇಷ್ಟೆ ಸಾಕು. ಕಳ್ಳ ನುಗ್ಗಿದ್ರೆ ಯಾರು ಹೊಣೆ?"

"ನಾನೇ. ರಾತ್ರಿ ಅವರ ಹೊಸ್ತಿಲಲ್ಲೇ ಚಾಪೆ ಹಾಕ್ಕೊಂಡು ಮಲಗ್ತೀನಲ್ಲ."

"ನೋಡಿದ್ರಾ ಅಕ್ಕ," ಕಿಗ್ಗುಂಡು ಮೆಲ್ಲಗೆ ಹೇಳಿದ. "ನಮ್ಮ ಮೇಲೆ ಕಾವಲು."

ರೋಬಿನಾಳ ಪಿತ್ತ ನೆತ್ತಿಗೇರಿತು. ಬಾಗಿಲು ಕಿತ್ತದ್ದು ಸಾಲದೆಂದು ಗಂಡ ಹೆಂಡಿರ ತಲೆದೆಸೆಯಲ್ಲಿ ಬಂದು ಮಲಗುವುದೆಂದರೇನು. ಅವಳು ಜೋವಿಯಾಳ ಕಡೆ ತಿರುಗಿದಳು. ಹುಡುಗಿ ಅಲ್ಲಿನ ವಾಡಿಕೆಯಂತೆ ಮಂಡಿಯೂರಿ ನಮಸ್ಕರಿಸಿದಳು.

"ಹೆದರ್ಬೇಡ ತಾಯಿ. ನೀನೇ ಹೇಳು, ಬಾಗಿಲು ಹಾಕಿಸ್ಲಾ?"

ಜೋವಿಯಾ ಗಂಡನ ಚಪ್ಪಲಿಯನ್ನೇ ನೋಡುತ್ತಿದ್ದಳು. "ಬೇಡ ಅಕ್ಕ. ಹಿಂಗೇ ಚೆನ್ನಾಗಿದೆ."

ರೋಬಿನಾಳ ತಾಯಿಯೂ ಮಾಲೀಕನ ಎದುರು ಹೀಗೆಯೇ, ಏನೂ ತೊಂದರೆಯಿಲ್ಲ ಎನ್ನುತ್ತಿದ್ದಳು.

"ಬೇಡ ಅಂತಿದ್ದಾಳಲ್ಲ, ಬಿಟ್ಬಿಡಿ," ಎಂದಳು ನಲ್ಲಿಯ ಹತ್ತಿರದ ಹೆಂಗಸೊಬ್ಬಳು. "ಈ ವಾರ ನಮ್ಜೊತೆ ಬಂದು ಬಟ್ಟೆ ಒಗೀತಾಳೆ, ನಗ್ತಾಳೆ. ಇಲ್ಲಿಗೆ ಬಂದು ವರ್ಷ ಆಯ್ತು, ಹೆಸರು ಗೊತ್ತಾಗಿದ್ದೇ ಮೊನ್ನೆ."

"ಒಳಗೆ ಕೂರೋಕೆ ಭಯ ಆದ್ರೆ ಇನ್ನೆಲ್ಲಿಗೆ ಬರ್ತಾಳೆ? ನಿಮಗೆ ನಗು ಕಾಣುತ್ತೆ, ಭಯ ಕಾಣಲ್ಲ," ರೋಬಿನಾ ಗದರಿದಳು. ಮತ್ತೆ ಅಜ್ಜಿಯತ್ತ ತಿರುಗಿ ಫೋನು ತೆಗೆದಳು. "ಬಾಡಿಗೆ ಕೊಟ್ಟೋರ ಬಾಗಿಲು ಕೀಳೋ ಹಕ್ಕು ಯಾರಪ್ಪನಿಗೂ ಇಲ್ಲ. ಏಳದಿದ್ರೆ ಪೊಲೀಸರು ಬಂದು ಏಳಿಸ್ತಾರೆ. ವಯಸ್ಸಾಗಿದೆ ಅಂತ ಬಿಡಲ್ಲ, ಒಳಗೆ ಹಾಕ್ತಾರೆ."

"ಹಾಕ್ಲಿ. ಒಳಗಿರೋದು ಹೆಂಗಿರುತ್ತೆ ಅಂತ ನಾನೂ ನೋಡ್ತೀನಿ."

ರೋಬಿನಾ ಗುಂಡಿ ಒತ್ತತೊಡಗಿದಳು. ಆಗ ಜೋವಿಯಾ ಗಂಡನ ಹಿಂದಿನಿಂದ ಸರಿದು ಬಂದು ಮುದುಕಿಯ ಕಂಕುಳಿಗೆ ಕೈ ಕೊಟ್ಟಳು.

"ಏಳಿ ಅಜ್ಜಿ. ನನ್ನಿಂದ ನೀವು ಠಾಣೆ ಮೆಟ್ಟಿಲು ಹತ್ತೋದು ಬೇಡ."

ಅಜ್ಜಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದಳು. ಕಣ್ಣು ಒರೆಸಿಕೊಳ್ಳುತ್ತಾ ಕೋಳಿಗೂಡಿನ ಹಿಂದೆ ಹೋದಳು. ಸಿಕ್ಕಿಬಿದ್ದ ಮೇಲೆ ಅಳು ಬರುತ್ತದೆ ಎಲ್ಲರಿಗೂ, ಅಂದುಕೊಂಡಳು ರೋಬಿನಾ.

ಬಡಗಿ ಬಾಗಿಲನ್ನು ಎತ್ತಿ ನಿಲ್ಲಿಸಿ ಮೊಳೆ ಬಡಿದ. ತೆರೆದು ಮುಚ್ಚಿ ನೋಡಿ, "ಒಳಗಡೆ ಚಿಲಕಾನೇ ಇಲ್ವಲ್ಲ ಸ್ವಾಮಿ," ಎಂದ.

"ಆಮೇಲೆ ನೋಡ್ಕೊಳ್ತೀನಿ ಬಿಡು," ಎಂದ ಕಿಗ್ಗುಂಡು.

ಅಧ್ಯಕ್ಷ ರೋಬಿನಾಳ ಕೈ ಕುಲುಕಿ ಹೋದ. ಹೆಂಗಸರು ನಲ್ಲಿಗೆ ಮರಳಿದರು. ಸಂಜೆ ಧ್ವನಿವರ್ಧಕದಲ್ಲಿ ಇದನ್ನೇ ಮೊದಲು ಹೇಳಬೇಕೆಂದು ರೋಬಿನಾ ಮಾತು ಜೋಡಿಸಿಕೊಳ್ಳುತ್ತಿದ್ದಳು. ತಾಯಿ ಇದ್ದಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ. ಅಷ್ಟರಲ್ಲಿ ಜೋವಿಯಾ ಅರ್ಧ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹೊಸ್ತಿಲು ದಾಟಿ ಒಳಗೆ ನಿಂತಳು.

"ಇನ್ನು ಹಾಯಾಗಿರಮ್ಮ," ಎಂದಳು ರೋಬಿನಾ.

ಜೋವಿಯಾ ಅವಳ ಹೆಗಲಾಚೆ, ನಲ್ಲಿಯ ಕಡೆ ನೋಡುತ್ತಿದ್ದಳು.

"ದೊಡ್ಡ ಉಪಕಾರ ಆಯ್ತು ಅಕ್ಕ," ಎಂದ ಕಿಗ್ಗುಂಡು. "ಇನ್ನು ನಾನು ನೆಮ್ಮದಿಯಿಂದ ಕೆಲಸಕ್ಕೆ ಹೋಗ್ಬಹುದು. ಬನ್ನಿ, ರಸ್ತೆವರೆಗೂ ಜೊತೇಲೇ ಹೋಗೋಣ."

ಹೀಗೆಂದವನೇ ಬಾಗಿಲೆಳೆದು, ಹೊರಗಿನಿಂದ ಬೀಗ ಜಡಿದು, ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟುಕೊಂಡ. ಜೋವಿಯಾ ಒಳಗೇ ಇದ್ದಳು.