ಮೂರನೇ ಸಾಲಿನ ಮುದುಕ

“ಆ ಮನುಷ್ಯನಿಗೆ ಚಾಕು ಹಿಡಿಯೋಕೇ ಬರಲ್ಲ,” ಎನ್ನುತ್ತಾ ಮೂರನೇ ಸಾಲಿನ ಮುದುಕ ಎದ್ದು ನಿಂತ. “ಮೀನು ಹೆಚ್ಚೋನು ಹಾಗೆ ಹಿಡಿದ್ರೆ ಮಧ್ಯಾಹ್ನದೊಳಗೆ ಬೆರಳು ಹೋಗಿರುತ್ತೆ.”

ಹ್ವಾಜಾ ಗಾಬರಿಯಿಂದ ತಿರುಗಿ ನೋಡಿದಳು. ಮೊಕ್ಪೊದ ಈ ಪುಟ್ಟ ಚಿತ್ರಮಂದಿರವನ್ನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದವಳು ಅವಳು. ಸಿಯೋಲ್‌ನಿಂದ ನಿರ್ದೇಶಕಿಯೊಬ್ಬಳು ಇಲ್ಲಿಗೆ ಬಂದದ್ದು ಇದೇ ಮೊದಲು. ಅವಳ ಸಿನಿಮಾದಲ್ಲಿ ಮೀನು ಮಾರುವ ಒರಟು ಅಪ್ಪ, ಮನೆ ಬಿಟ್ಟು ಹೋಗುವ ಮಗಳು. ಎರಡು ಗಂಟೆ ಜನ ಮೂಗು ಒರೆಸಿಕೊಂಡು ಅತ್ತಿದ್ದರು. ಈಗ ನಿರ್ದೇಶಕಿಯ ಜೊತೆ ಮಾತುಕತೆ. ನಾಲ್ಕು ಒಳ್ಳೆಯ ಮಾತು ಕೇಳಿಬರುವ ಹೊತ್ತಿಗೆ ಈ ಮುದುಕ ವಕ್ಕರಿಸಿದ್ದ.

ಅವನ ಕೈಯಿಂದ ಮೈಕು ಕಸಿದುಕೊಳ್ಳಲು ಹ್ವಾಜಾ ಹೊರಟಳು. ವೇದಿಕೆಯ ಮೇಲಿಂದ ನಿರ್ದೇಶಕಿ ಇನ್‌ಹೆ ತಡೆದಳು.

“ಬಿಡಿ ಅಕ್ಕಾ, ಮಾತಾಡ್ಲಿ.”

ಎಷ್ಟು ದೊಡ್ಡ ಮನಸ್ಸು, ಅಂದುಕೊಂಡಳು ಹ್ವಾಜಾ.

“ಆಮೇಲೆ ಆ ಗೊರಕೆ,” ಮುದುಕ ಬಿಡಲಿಲ್ಲ. “ಇಡೀ ಮನೆ ನಡುಗೋ ಹಾಗೆ. ಅದು ಬೇಕಿತ್ತಾ?”

“ಹಿರಿಯರೇ, ನಿಜವಾದ ಗೊರಕೇನ ಅರ್ಧಕ್ಕರ್ಧ ಇಳಿಸಿ ತೋರಿಸಿದ್ದೀನಿ.”

ಜನ ಗೊಳ್ಳೆಂದು ನಕ್ಕರು. ಮುದುಕನ ಕಿವಿ ಕೆಂಪಾಯಿತು. “ಸುಳ್ಳು,” ಎಂದು ಗೊಣಗಿದ.

“ಇನ್ನೇನಾದ್ರೂ ತಪ್ಪಿದೆಯಾ?”

“ಇದೆ.” ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಮಗಳು ಸಿಯೋಲ್ ರೈಲು ಹತ್ತೋವಾಗ ಅಪ್ಪ ನಿಲ್ದಾಣಕ್ಕೆ ಬರೋದೇ ಇಲ್ಲ ಅಂತ ತೋರಿಸಿದ್ದೀರಿ. ಅದು ತಪ್ಪು. ಬಂದಿದ್ದ.”

“ಅದು ಕಥೆ, ಹಿರಿಯರೇ.” ಇನ್‌ಹೆಯ ದನಿಯಲ್ಲಿ ನಗು ಇರಲಿಲ್ಲ.

“ಕಂಬದ ಹಿಂದೆ ನಿಂತಿದ್ದ. ಹುಡುಗಿ ಕಿಟಕಿ ಪಕ್ಕ ಕೂತು ಬೇಯಿಸಿದ ಮೊಟ್ಟೆ ಸುಲೀತಿದ್ಲು. ಸಿಪ್ಪೆಯೆಲ್ಲ ಮಡಿಲಿಗೆ ಉದುರ್ತಿತ್ತು. ತಿನ್ನಲಿಲ್ಲ. ಸುಲಿದು ಹಾಗೇ ಕೈಯಲ್ಲಿ ಹಿಡ್ಕೊಂಡಿದ್ಲು. ರೈಲು ಕಣ್ಮರೆ ಆಗೋವರೆಗೂ ಅವನು ಅಲ್ಲೇ ನಿಂತಿದ್ದ.”

ಹ್ವಾಜಾ ಹಣೆ ಚಚ್ಚಿಕೊಂಡಳು. ಸಿನಿಮಾದಲ್ಲಿ ಮೊಟ್ಟೆಯೇ ಇರಲಿಲ್ಲ. ಪಾಪ, ಮುದುಕನಿಗೆ ಅರಳುಮರಳು. ಹತ್ತಿರ ಹೋಗಿ ಮೆಲ್ಲಗೆ ಅವನ ತೋಳು ಹಿಡಿದು, “ಕೂತ್ಕೊಳ್ಳಿ ತಾತ, ಬೇರೆಯವರೂ ಕೇಳ್ಬೇಕಲ್ವಾ,” ಎಂದಳು.

ಅಷ್ಟರಲ್ಲಿ ಇನ್‌ಹೆ ವೇದಿಕೆ ಇಳಿದು ಬಂದಿದ್ದಳು. ತನ್ನ ಮೈಕನ್ನು ಅಲ್ಲೇ ಬಿಟ್ಟು ಪಿಸುದನಿಯಲ್ಲಿ ಆಡಿದ ಅವಳ ಮಾತು ಹ್ವಾಜಾ ಒಬ್ಬಳಿಗೇ ಕೇಳಿಸಿತು.

“ಅಪ್ಪಾ, ಅವತ್ತು ನನ್ನ ಹೆಸರು ಹಿಡಿದು ಒಂದ್ಸಲ ಕೂಗ್ಬಾರ್ದಿತ್ತಾ?”