ಇಪ್ಪತ್ತು ಲಕ್ಷ ಜರಡಿ

“ಯಮುನಾ, ಹುಡುಗನ ಕಡೆಯವ್ರು ಒಪ್ಕೊಂಡ್ಬಿಟ್ರು ಕಣೇ! ನಿನ್ನ ಫೋಟೋ ಕೂಡ ನೋಡಿಲ್ವಂತೆ, ಬರೀ ಕಿಡ್ನಿ ಸ್ಕ್ಯಾನ್ ನೋಡಿನೇ ಹೂಂ ಅಂದ್ರಂತೆ!” ಚಿಕ್ಕಮ್ಮ ಸುಕನ್ಯಾ ಚಪ್ಪಲಿ ಬಿಡುವಷ್ಟರಲ್ಲೇ ಕೂಗಿದಳು.

ಯಮುನಾ ಏಳುವ ಹಾಗಿರಲಿಲ್ಲ. ದಿನಾ ಸಂಜೆಯಂತೆ ಅವಳ ಮಣಿಕಟ್ಟಿನಿಂದ ಅಪ್ಪನ ಮಣಿಕಟ್ಟಿಗೆ ಎರಡು ಟ್ಯೂಬು ಹೋಗಿದ್ದವು. ಅಪ್ಪನ ಕಿಡ್ನಿ ಕೆಟ್ಟು ಆರು ವರ್ಷವಾಗಿತ್ತು. ಅಂದಿನಿಂದ ಅವರ ರಕ್ತ ಸೋಸುತ್ತಿದ್ದುದು ಮಗಳ ಕಿಡ್ನಿಯೇ. ಬೀದಿಯ ಎಷ್ಟೋ ಮನೆಗಳಲ್ಲಿ ಸಂಜೆ ಕಳೆಯುತ್ತಿದ್ದುದು ಹೀಗೇ.

“ಎರಡೂ ಕಿಡ್ನಿ ಸೇರಿ ರಕ್ತ ಸೋಸೋ ಇಪ್ಪತ್ತು ಲಕ್ಷ ಜರಡಿ, ಒಂದೂ ಹಾಳಾಗಿಲ್ಲ ಅಂತ ಹುಡುಗನ ತಾಯಿ ಹಿಗ್ಗಿದ್ದೇ ಹಿಗ್ಗಿದ್ದು!”

“ಅವ್ರಿಗ್ಯಾಕೆ ಅಷ್ಟು ಹಿಗ್ಗು?”

“ಅತ್ತೆ ಮಾವ ಇಬ್ರದ್ದೂ ನೀನೇ ಸೋಸ್ಬೇಕಲ್ಲ. ಮೂರನೇವ್ರ ರಕ್ತಾನೂ ಸೋಸೋದನ್ನ ನಿನ್ನ ಕಿಡ್ನಿ ತಡ್ಕೊಳ್ಳಲ್ಲ. ಅದಕ್ಕೇ...” ಸುಕನ್ಯಾ ಭಾವನ ಮುಖ ನೋಡದೆ ಹೇಳಿದಳು, “ಮಾತುಕತೆ ಆದ ದಿನದಿಂದ ಬೇರೆ ಯಾರಿಗೂ ಟ್ಯೂಬು ಕೊಡಬಾರದಂತೆ.”

“ಹಾಗಾದ್ರೆ ಬೇಡ ಅಂತ ಹೇಳಿ, ಚಿಕ್ಕಮ್ಮ. ಅಪ್ಪ ಎರಡು ವಾರಾನೂ ಉಳಿಯಲ್ಲ.”

ಅಪ್ಪ ನಕ್ಕರು. “ಮೂವತ್ತೆರಡಾಯ್ತಲ್ಲೇ ನಿಂಗೆ. ಹೋದ್ಸಲ ಬಂದವ್ರೂ ಈ ಟ್ಯೂಬು ನೋಡೇ ಎದ್ದು ಹೋದ್ರು.”

ರಕ್ತ ಸೋಸುವುದು ಇನ್ನೂ ಒಂದು ಗಂಟೆ ಬಾಕಿಯಿತ್ತು. ಯಮುನಾ ಕೈ ಹಿಡಿಯುವ ಮೊದಲೇ ಅಪ್ಪ ತಮ್ಮ ಮಣಿಕಟ್ಟಿನ ಟ್ಯೂಬು ಕಳಚಿ, ಅಲ್ಲಿ ಕೂರಿಸಿದ್ದ ನಳಿಕೆಯ ಬಾಯಿಗೆ ಬಿರಡೆ ತಿರುಗಿಸಿ ಬಿಗಿದರು.

“ಸುಕನ್ಯಾ, ನಾಳೆ ಹತ್ತು ಗಂಟೆಗೆ ಬರೋಕೆ ಹೇಳಮ್ಮ ಅವ್ರಿಗೆ. ಮಣಿಕಟ್ಟು ಕಾಣದ ಹಾಗೆ ನಾನು ತುಂಬುತೋಳಿನ ಅಂಗಿ ಹಾಕ್ಕೋತೀನಿ.”