ಅಬು ನೌಫಲ್ ಒರಗಿದ ಕಂಬ

“ಅಜ್ಜ, ಏಳಿ. ಈ ಕಂಬ ಇವತ್ತು ಕೀಳ್ಲೇಬೇಕು.”

ಕಲ್ಲುಕುಟಿಗ ಮಾಹ್ಯಾರ್ ಮೂರನೆಯ ಸಲ ಹೇಳಿದ. ಜಪ್ಪಯ್ಯ ಎಂದರೂ ಅಬು ನೌಫಲ್ ಏಳಲಿಲ್ಲ. ಬಸ್ರಾದ ಮಸೀದಿಯ ಖರ್ಜೂರದ ಮರದ ಕಂಬಗಳನ್ನೆಲ್ಲ ಕಿತ್ತು ಅಹ್ವಾಜ್ ಊರಿನಿಂದ ತರಿಸಿದ ಕಲ್ಲುಕಂಬ ನಿಲ್ಲಿಸಿಯಾಗಿತ್ತು. ಉಳಿದದ್ದು ಇದೊಂದೇ, ಅದಕ್ಕೆ ಅಂಟಿಕೊಂಡ ಈ ಮುದುಕರ ಬೆನ್ನೊಂದೇ.

“ಕಲ್ಲು ತಣ್ಣಗಿರುತ್ತೆ ಕಣಯ್ಯಾ. ನಂಗೆ ಸೊಂಟನೋವು.”

“ಈ ಊರಿನ ಸೆಕೆಗೆ ತಣ್ಣಗಿದ್ರೆ ಪುಣ್ಯ ಅಲ್ವಾ?” ಎನ್ನುತ್ತ ಮಾಹ್ಯಾರ್ ಕಂಬದ ಹಿಂದೆ ಕೈಯಾಡಿಸಿದ. ಬೆರಳಿಗೆ ಏನೋ ತಡೆಯಿತು. ಬಗ್ಗಿ ನೋಡಿದರೆ ಚಾಕುವಿನ ಗೀರು, ಗುಳಿಗಳು, ಒಂದರ ಕೆಳಗೊಂದು. ಎಲ್ಲಕ್ಕಿಂತ ಕೆಳಗೆ ಹೆಬ್ಬೆರಳು ಹೂತುಹೋಗುವಷ್ಟು ದೊಡ್ಡ ಗುಳಿ. “ಇದು ಗೆದ್ದಲಿನ ಕೆಲಸ ಅಲ್ಲ, ಅಜ್ಜ.”

“ಮೆಲ್ಲಗೆ ಮಾತಾಡೋ ಮಾರಾಯ.”

ಪ್ರತಿ ಶುಕ್ರವಾರ ನಮಾಜು ಮುಗಿದ ಮೇಲೆ ಕುಲದ ಇಪ್ಪತ್ತು ತಲೆಮಾರುಗಳನ್ನು, ಈಗಿನ ನಾಯಕನಿಂದ ಹಿಡಿದು ಮೂಲಪುರುಷನವರೆಗೆ, ಬಾಯಿಪಾಠವಾಗಿ ಹೇಳುವವರು ಅಬು ನೌಫಲ್. ಮೂರು ವರ್ಷದ ಹಿಂದೆ ನೆನಪು ಸೋರತೊಡಗಿತ್ತು. ಅಂದಿನಿಂದ ಹೇಳುವಾಗ ಬಲಗೈ ಬೆನ್ನ ಹಿಂದೆ ಸರಿದು ಕಂಬವನ್ನು ಮೇಲಿಂದ ಕೆಳಕ್ಕೆ ತಡವುತ್ತಿತ್ತು. ಒಂದು ಗುರುತಿಗೆ ಒಂದು ಹೆಸರು.

“ಒಂದು ಹೆಸರು ತಪ್ಪಿದ್ರೂ ಸಾಕು, ನನ್ನ ಕೆಲಸಕ್ಕೆ ಕಣ್ಣಿಟ್ಟಿರೋ ಆ ಹಂಜಲಾ ಈ ಜಾಗದಲ್ಲಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತುಬಿಡ್ತಾನೆ.”

“ಬರೆದಿಟ್ಕೊಳ್ಳಿ ಮತ್ತೆ.”

“ನೋಡ್ಕೊಂಡು ಓದೋಕೆ ನಾನೇನು ಗುಮಾಸ್ತನಾ?”

ಮಾಹ್ಯಾರ್ ನಗು ನುಂಗಿಕೊಂಡ. “ಏಳಿ. ಗುರುತುಗಳನ್ನ ನಂಗೆ ಬಿಡಿ. ಕಲ್ಲಿನ ಮೇಲೂ ಇರುತ್ತವೆ.”

ಶುಕ್ರವಾರ ಅಬು ನೌಫಲ್ ಹೊಸ ಕಂಬಕ್ಕೆ ಒರಗಿದರು. ಎದುರಿಗೇ ಹಂಜಲಾ, ಹಸಿದ ಬೆಕ್ಕಿನ ಹಾಗೆ. ಶುರುಮಾಡಿ ಎನ್ನುವಂತೆ ನಾಯಕ ತಲೆಯಾಡಿಸಿದ. ಕೈ ಹಿಂದಕ್ಕೆ ಹೋಯಿತು. ಗುರುತುಗಳಿದ್ದವು! ಆದರೆ ಎಲ್ಲಕ್ಕಿಂತ ಮೇಲೆ ಸಿಕ್ಕಿದ್ದು ಆ ದೊಡ್ಡ ಗುಳಿ, ಮೂಲಪುರುಷನದು. ಕಿತ್ತು ಮಲಗಿಸಿದ ಕಂಬದ ಬುಡವನ್ನೇ ತುದಿಯೆಂದುಕೊಂಡು ಮಾಹ್ಯಾರ್ ಎಲ್ಲವನ್ನೂ ತಲೆಕೆಳಗಾಗಿ ಕೆತ್ತಿದ್ದ.

ಜನ ಕಾಯುತ್ತಿದ್ದರು. ಬೆರಳು ಹೋದ ಕಡೆಗೇ ನಾಲಿಗೆಯೂ ಹೋಯಿತು. “ಜುಹ್ಮಾನ್. ಅವನ ಮಗ ಮುರ್ರಾ. ಅವನ ಮಗ ಹಾರಿಸ್...” ಇಪ್ಪತ್ತನೆಯ ಹೆಸರಿಗೆ ಬಂದು ನಿಂತಾಗ ನಾಯಕನ ಬಾಯಿ ತೆರೆದೇ ಇತ್ತು.

“ಮಗನಿಂದ ಅಪ್ಪನಿಗೆ ಹತ್ತೋರನ್ನ ಕಂಡಿದ್ದೀನಿ. ಮೂಲದಿಂದ ಹೀಗೆ ಸರಸರ ಇಳಿದು ಬಂದೋರನ್ನ ಇವತ್ತೇ ಕಂಡದ್ದು,” ಎಂದ. ಹಂಜಲಾ ಎದ್ದು ಬಂದು ಮುದುಕರ ಕೈಗೆ ಮುತ್ತಿಟ್ಟ.

ಎಲ್ಲರೂ ಚದುರಿದ ಮೇಲೆ ಮಾಹ್ಯಾರ್ ತಲೆ ತಗ್ಗಿಸಿಕೊಂಡು ಬಂದ. “ತಪ್ಪಾಯ್ತು ಅಜ್ಜ. ನಾಳೆನೇ ಕಲ್ಲು ಬಿಚ್ಚಿ ನೆಟ್ಟಗೆ ಕೂರಿಸ್ತೀನಿ.”

ಅಬು ನೌಫಲ್ ಬೆನ್ನನ್ನು ಕಂಬಕ್ಕೆ ಇನ್ನಷ್ಟು ಒತ್ತಿ ಕೂತರು.

“ಮುಟ್ಟಿದ್ರೆ ನೋಡು. ಇನ್ಮೇಲೆ ನೆಟ್ಟಗೆ ಹೇಳಿದ್ರೆ, ಮುದುಕನಿಗೆ ಮರೆವು ಶುರುವಾಯ್ತು ಅಂತಾರೆ.”